ಕೊಡಚಾದ್ರಿಯ ಹಾದಿಯಲ್ಲಿ ಜೀಪಿನ ಪಾಠ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿರುವ ಕೊಡಚಾದ್ರಿಯ ಎತ್ತರ 1343 ಮೀಟರ್. ಪಶ್ಚಿಮ ಘಟ್ಟದ ಇತರ ಶಿಖರಗಳಿಗೆ ಹೋಲಿಸಿದರೆ ಇದೇನೂ ದೊಡ್ಡದಲ್ಲ. ಆದರೆ ಬುಡದ ಕೊಲ್ಲೂರು ಹೆಚ್ಚುಕಡಿಮೆ ಕರಾವಳಿಯ ಮಟ್ಟದಲ್ಲೇ ಇರುವುದರಿಂದ ಬೆಟ್ಟ ಗೋಡೆಯಂತೆ ಎದ್ದು ನಿಂತಂತೆ ಕಾಣುತ್ತದೆ. ಮೂಕಾಂಬಿಕೆಯ ದರ್ಶನಕ್ಕೆ ಬಂದವರಲ್ಲಿ ಅನೇಕರು, ಅದರಲ್ಲೂ ಕೇರಳದ ಯಾತ್ರಿಕರು, ಮೇಲಿನ ಮೂಲ ಮೂಕಾಂಬಿಕೆಯ ಗುಡಿಯನ್ನೂ ಸರ್ವಜ್ಞ ಪೀಠವನ್ನೂ ನೋಡಿಯೇ ಹಿಂದಿರುಗುತ್ತಾರೆ. ನಡೆದು ಹತ್ತುವವರಿಗೆ ಕಾಡಿನ ಕಾಲುದಾರಿಯಿದೆ. ನಡೆಯಲಾಗದವರಿಗೆ ಜೀಪು. ನಾಗೋಡಿ ಘಾಟಿ ಹತ್ತಿ, ಕಟ್ಟಿನಹೊಳೆಯ ಕಡೆಯಿಂದ ಮೇಲಕ್ಕೆ ಹೊರಡುವ ಕೊನೆಯ ಕೆಲವು ಕಿಲೋಮೀಟರುಗಳನ್ನು ರಸ್ತೆ ಎನ್ನುವುದೇ ಕಷ್ಟ. ಮಳೆ ಕೊರೆದ ಕೆಮ್ಮಣ್ಣಿನ ಕೊರಕಲು, ನಡುನಡುವೆ ಬೋರಲಾದ ಬಂಡೆ, ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಆಳ.

ಈ ಹಾದಿಗೆ ನಾವು ಹೋದದ್ದು 2023ರ ಡಿಸೆಂಬರ್ ತಿಂಗಳಲ್ಲಿ. ಜೊತೆಗಿದ್ದವರು ನನ್ನ ಹಳೆಯ ವಿದ್ಯಾರ್ಥಿ ಮತ್ತು ಆತನ ತಂದೆ. ಹುಡುಗ ಹಳೆಯದೊಂದು ಫೋರ್ ವೀಲ್ ಪಿಕಪ್ ಕೊಂಡಿದ್ದ. ವಾರವೆಲ್ಲ ತೋಟದ ಕೆಲಸ, ರಜೆಯಲ್ಲಿ ಗುಡ್ಡ ಸುತ್ತುವುದು ಅವನ ಯೋಜನೆ. ಗ್ಯಾರೇಜಿನವರು ಬರೆದುಕೊಟ್ಟ ಪಟ್ಟಿಯಲ್ಲಿ ನಾಲ್ಕಂಗುಲ ಎತ್ತರಿಸಿದ ಸ್ಪ್ರಿಂಗ್, ದೊಡ್ಡ ಟೈರು, ಮೇಲೆ ಕ್ಯಾರಿಯರ್, ಅದರ ಮೇಲೆ ಸಾಲು ದೀಪ, ಮುಂದೆ ಕಬ್ಬಿಣದ ಬಂಪರ್ ಇದ್ದವು. ಖರ್ಚು ಗಾಡಿಯ ಬೆಲೆಯ ಅರ್ಧಕ್ಕೆ ಬಂದಿತ್ತು. ತಂದೆಗೆ ದುಡ್ಡಿನ ಚಿಂತೆ, ಅದಕ್ಕಿಂತ ಹೆಚ್ಚಾಗಿ ಮಗನ ಚಿಂತೆ. "ಸರ್, ನೀವೇ ಹೇಳಿ" ಎಂದರು. ದಿನಾ ಬೆಟ್ಟ ಹತ್ತುವವರನ್ನೇ ಮೊದಲು ನೋಡೋಣ ಎಂದು ಹೊರಟೆವು.

ನಾವು ಏರಿದ ಜೀಪಿಗೆ ಹೊರನೋಟದ ಠೀವಿ ಏನೂ ಇರಲಿಲ್ಲ. ಬಣ್ಣ ಮಾಸಿತ್ತು, ದೀಪ ಎರಡೇ. ಈ ಜಾತಿಯ ಗಾಡಿಗೆ ದೊಡ್ಡ ಇತಿಹಾಸವಿದೆ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾದವು. 1945ರಲ್ಲಿ ಆರಂಭವಾದ ಮಹೀಂದ್ರ ಕಂಪನಿ ಸ್ವಾತಂತ್ರ್ಯದ ಹೊತ್ತಿಗೆ ಅವುಗಳನ್ನು ನಮ್ಮಲ್ಲಿ ಜೋಡಿಸತೊಡಗಿತು. ಅಂದಿನಿಂದ ಮಲೆನಾಡಿಗೂ ಜೀಪಿಗೂ ಬಿಡದ ನಂಟು.

ಡಾಂಬರು ಮುಗಿದಲ್ಲಿ ಚಾಲಕರು ಗಾಡಿ ನಿಲ್ಲಿಸಿ, ದೊಡ್ಡ ಗೇರಿನ ಪಕ್ಕದ ಚಿಕ್ಕ ಲಿವರನ್ನು ಎಳೆದರು. ಅಲ್ಲಿಂದ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಶಕ್ತಿ. ಕಡಿದಾದ ಏರು ಬಂದಾಗ 'ಲೋ' ಹಾಕಿದರು. ಇಂಥ ಗಾಡಿಗಳಲ್ಲಿ ಲೋ ಹಾಕಿದರೆ ವೇಗ ಸುಮಾರು ಎರಡೂವರೆ ಪಟ್ಟು ಇಳಿಯುತ್ತದೆ, ಚಕ್ರದ ತಿರುಗುಬಲ ಅಷ್ಟೇ ಪಟ್ಟು ಏರುತ್ತದೆ. ಶಾಲೆಯ ಸನ್ನೆಕೋಲಿನ ಪಾಠ ಇದೇ ಅಲ್ಲವೇ? ಬಲದಲ್ಲಿ ಗಳಿಸಿದ್ದನ್ನು ವೇಗದಲ್ಲಿ ಕೊಡಬೇಕು. ಮನುಷ್ಯ ನಡೆಯುವಷ್ಟು ನಿಧಾನವಾಗಿ, ಎಂಜಿನ್ನಿಗೆ ಆಯಾಸವಿಲ್ಲದಂತೆ ಜೀಪು ಏರಿತು.

ಒಂದು ಕಡೆ ಹಿಂದಿನ ಚಕ್ರ ಗುಂಡಿಯ ಮೇಲೆ ತೇಲಿ ಗಿರಗಿರನೆ ತಿರುಗಿತು. ಜೊತೆಯ ಚಕ್ರ ಗಟ್ಟಿ ನೆಲದ ಮೇಲಿದ್ದೂ ಸುಮ್ಮನೆ ನಿಂತಿತ್ತು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕಾದ್ದರಿಂದ ಎರಡೂ ಚಕ್ರಗಳಿಗೆ ಬೇರೆ ಬೇರೆ ವೇಗ ಕೊಡುವ ಡಿಫರೆನ್ಷಿಯಲ್ ಇರುತ್ತದೆ. ಅದರ ಗುಣವೇ ಅದರ ದೋಷ. ಒಂದು ಚಕ್ರ ತಡೆಯಿಲ್ಲದೆ ತಿರುಗತೊಡಗಿದರೆ ಇನ್ನೊಂದಕ್ಕೂ ಬಲ ಸಿಗುವುದಿಲ್ಲ. ಮುಂದಿನ ಚಕ್ರಗಳು ನೆಲ ಹಿಡಿದು ಎಳೆದವು, ಜೀಪು ದಾಟಿತು. ಒಣ ಡಾಂಬರಿನ ಮೇಲೆ ಮಾತ್ರ ಫೋರ್ ವೀಲ್ ಹಾಕಬಾರದು. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಓಡುವ ದೂರ ಬೇರೆಯಾಗಿ ಒಳಗಿನ ಹಲ್ಲುಚಕ್ರಗಳು ಒತ್ತಡಕ್ಕೆ ಸಿಕ್ಕಿಬೀಳುತ್ತವೆ.

ಇನ್ನು ಟೈರಿನ ಗಾಳಿ. ಜನ ಸೇರಿ ಗಾಡಿಯ ತೂಕ 1600 ಕೆ.ಜಿ. ಎಂದಿಟ್ಟುಕೊಳ್ಳಿ. ಒಂದು ಚಕ್ರದ ಮೇಲೆ 400 ಕೆ.ಜಿ., ಅಂದರೆ ಸುಮಾರು 880 ಪೌಂಡ್. ಗಾಳಿ ಚದರ ಅಂಗುಲಕ್ಕೆ 30 ಪೌಂಡ್ ಇದ್ದರೆ ನೆಲಕ್ಕೆ ತಾಗುವ ಭಾಗ ಸುಮಾರು 29 ಚದರ ಅಂಗುಲ, 20ಕ್ಕೆ ಇಳಿಸಿದರೆ ಸುಮಾರು 44. ಖರ್ಚಿಲ್ಲದೆ ಹಿಡಿತ ಹೆಚ್ಚಿತು! ಐಸ್‌ಲ್ಯಾಂಡ್ ದೇಶದಲ್ಲಿ ಹಿಮದ ಮೇಲೆ ಓಡುವ ಪಿಕಪ್‌ಗಳ ಅಗಲ ಟೈರುಗಳಲ್ಲಿ ಗಾಳಿಯನ್ನು ಇನ್ನೂ ಎಷ್ಟೋ ಕಡಿಮೆ ಇಡುತ್ತಾರೆ. ಆದರೆ ಡಾಂಬರಿಗೆ ಬಂದೊಡನೆ ಮತ್ತೆ ತುಂಬಿಸಬೇಕು. ಗಾಳಿ ಕಡಿಮೆಯಾದ ಟೈರು ವೇಗದಲ್ಲಿ ಬಿಸಿಯಾಗಿ ಸಿಡಿಯಬಹುದು.

ಒಂದು ಜಾಗದಲ್ಲಿ ಹಾದಿಯೇ ಆಳದ ಕಡೆಗೆ ವಾಲಿತ್ತು. ಜೀಪು ವಾಲಿದಂತೆ ನಾವೆಲ್ಲ ಗುಡ್ಡದ ಬದಿಗೆ ಒತ್ತಿಕೊಂಡೆವು. ದಾಟಿದ ಮೇಲೆ ಚಾಲಕರು ಹುಡುಗನ ಪಟ್ಟಿಯ ವಿಷಯ ಕೇಳಿ ನಕ್ಕರು. "ಮಾಷ್ಟ್ರೇ, ಎತ್ತರದ ಗಾಡಿ ನಿಂತಾಗ ಚೆಂದ. ವಾಲಿದಾಗ ಅದರ ಬಣ್ಣ ಗೊತ್ತಾಗ್ತದೆ" ಎಂದರು.

ಆ ಮಾತಿಗೆ ಲೆಕ್ಕವೂ ಇದೆ. ಎಡ, ಬಲ ಚಕ್ರಗಳ ನಡುವಿನ ಅಂತರದ ಅರ್ಧ 70 ಸೆಂ.ಮೀ., ಗುರುತ್ವ ಕೇಂದ್ರದ ಎತ್ತರವೂ 70 ಸೆಂ.ಮೀ. ಇರುವ 1500 ಕೆ.ಜಿ. ಗಾಡಿ ನಿಂತಲ್ಲೇ 45 ಡಿಗ್ರಿ ವಾಲುವವರೆಗೆ ಮಗುಚುವುದಿಲ್ಲ. ಅದನ್ನು ನಾಲ್ಕಂಗುಲ ಎತ್ತರಿಸಿ, ತಲೆಯ ಮೇಲೆ 100 ಕೆ.ಜಿ. ಹೇರಿದರೆ ಗುರುತ್ವ ಕೇಂದ್ರ 88 ಸೆಂ.ಮೀ.ಗೆ ಏರುತ್ತದೆ, ಮಿತಿ 39 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಓಡುವಾಗ ಕುಲುಕಾಟ, ಸ್ಪ್ರಿಂಗಿನ ಬಾಗು, ತಿರುವು ಸೇರಿದರೆ ಅದಕ್ಕೂ ಬಹಳ ಮೊದಲೇ ಅಪಾಯ. ಸ್ಪ್ರಿಂಗ್ ಎತ್ತರಿಸಿದರೆ ಮೈ ಮೇಲೇರುತ್ತದೆಯೇ ಹೊರತು, ಬಂಡೆಗೆ ಮೊದಲು ತಾಗುವ ಹಿಂದಿನ ಆಕ್ಸಲ್ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತರಿಸುವುದು ದೊಡ್ಡ ಟೈರು ಮಾತ್ರ. ಆದರೆ ಟೈರಿನ ತ್ರಿಜ್ಯ ಶೇ. 10 ಹೆಚ್ಚಿದರೆ ನೆಲವನ್ನು ತಳ್ಳುವ ಬಲ ಸುಮಾರು ಶೇ. 9 ಇಳಿಯುತ್ತದೆ, ಬ್ರೇಕಿನ ಹಿಡಿತವೂ ಅಷ್ಟೇ ಸಡಿಲವಾಗುತ್ತದೆ.

ಜೀಪು ಗುಡಿಯ ಬಳಿ ನಿಲ್ಲುತ್ತದೆ. ಅಲ್ಲಿ ಮಳೆಗಾಳಿಗೆ ಮೈಯೊಡ್ಡಿ ನಿಂತ ಕಬ್ಬಿಣದ ಕಂಬವನ್ನು ವಿಜ್ಞಾನದ ವಿದ್ಯಾರ್ಥಿಗಳು ತಪ್ಪದೆ ನೋಡಬೇಕು. ಮುಂದೆ ಹುಲ್ಲುಗಾವಲಿನ ನಡುವೆ ನಡೆದರೆ ಕಲ್ಲಿನ ಪುಟ್ಟ ಮಂಟಪ, ಸರ್ವಜ್ಞ ಪೀಠ. ಆಕಾಶ ಶುಭ್ರವಿದ್ದರೆ ದೂರದಲ್ಲಿ ಅರಬ್ಬೀ ಸಮುದ್ರ ಹೊಳೆಯುತ್ತದೆ. ಇಂಥ ಹುಲ್ಲಿನ ಮೇಲೆ ಒಮ್ಮೆ ಚಕ್ರ ಹರಿದರೆ ಮಣ್ಣು ಬೆತ್ತಲಾಗುತ್ತದೆ. ಮುಂದಿನ ಮಳೆ ಆ ಗೆರೆಯನ್ನೇ ಕಾಲುವೆ ಮಾಡಿ ಮಣ್ಣನ್ನು ಒಯ್ಯುತ್ತದೆ. ದಾರಿಯಿಲ್ಲದಲ್ಲಿ ಓಡಿಸುವುದು ಸಾಹಸವೆಂದು ಭಾವಿಸಿರುವ ಯುವಕರು ಇದನ್ನು ಮರೆಯಬಾರದು.

ಇಳಿಯುವಾಗಲೂ ಚಾಲಕರು ಲೋ ಬಿಡಲಿಲ್ಲ. ಎಂಜಿನ್ನೇ ಗಾಡಿಯನ್ನು ತಡೆಹಿಡಿಯುತ್ತದೆ, ಬ್ರೇಕು ಕಾದು ಸೋಲುವುದಿಲ್ಲ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವ ಚಾಳಿ ಪ್ರಾಣಕ್ಕೆ ಕುತ್ತು.

ಊರಿಗೆ ಬಂದು ಹುಡುಗ ಪಟ್ಟಿಯನ್ನು ತಾನೇ ತಿದ್ದಿದ. ಮೊದಲು ಹಳೆಯ ಗಾಡಿಯ ಆರೋಗ್ಯ: ಚಾಸಿಯ ತುಕ್ಕು, ಬಿರುಕು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಸ್ಟೀರಿಂಗಿನ ಸಡಿಲ, ಬ್ರೇಕ್, ಆಯಿಲ್ ಸೋರಿಕೆ. ಚಾಸಿ ನಂಬರು ಆರ್.ಸಿ. ಪುಸ್ತಕದೊಂದಿಗೆ ತಾಳೆಯಾಗಬೇಕು. ನಂತರ ಕಂಪನಿ ಹೇಳಿದ ಅಳತೆಯಲ್ಲೇ ಒಳ್ಳೆಯ ಹಲ್ಲಿನ ಟೈರು, ಗಾಳಿ ಅಳೆಯುವ ಮಾಪಕ ಮತ್ತು ಪಂಪು, ಎಳೆಯಲು ಗಟ್ಟಿ ಹಗ್ಗ, ಒಂದು ಸಲಿಕೆ. ಭಾರದ ಸಾಮಾನೆಲ್ಲ ತೊಟ್ಟಿಯ ತಳದಲ್ಲಿ, ಕಟ್ಟಿ. ಸ್ಪ್ರಿಂಗ್ ಎತ್ತರ, ಕ್ಯಾರಿಯರ್, ಸಾಲು ದೀಪ, ಬಂಪರ್ ಎಲ್ಲಕ್ಕೂ ಗೆರೆ ಬಿತ್ತು. ಖರ್ಚು ಹಿಂದಿನದರ ಕಾಲುಭಾಗಕ್ಕೆ ಬಂತು.

ಇದರಲ್ಲಿ ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಮುಂದಿನ ಕಬ್ಬಿಣದ ಬಂಪರುಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ತಿಳಿಸಿತ್ತು. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲೂ ಇದೇ ನೆಪ ಸಾಕು.

ಕೊಡಚಾದ್ರಿಗೆ ಹೋಗುವವರು ಮಳೆಗಾಲದಲ್ಲಿ ಅರಣ್ಯ ಇಲಾಖೆಯ ಅನುಮತಿಯನ್ನು ವಿಚಾರಿಸಿಕೊಳ್ಳಬೇಕು. ಸ್ವಂತ ಗಾಡಿಯ ಹಟ ಬಿಟ್ಟು ಸ್ಥಳೀಯ ಜೀಪು ಹಿಡಿಯುವುದೇ ಒಳಿತು. ಹೊರಡುವ ಮುನ್ನ ಮಕ್ಕಳು ಮನೆಯಲ್ಲೇ ಒಂದು ಪ್ರಯೋಗ ಮಾಡಲಿ. ಹಲಗೆಯ ಮೇಲೆ ಬೆಂಕಿಪೊಟ್ಟಣವನ್ನು ಒಮ್ಮೆ ಮಲಗಿಸಿ, ಒಮ್ಮೆ ನಿಲ್ಲಿಸಿ. ಜಾರದಂತೆ ಕೆಳಬದಿಗೆ ಸಣ್ಣ ಮೊಳೆಯ ತಡೆ ಕೊಟ್ಟು ಹಲಗೆಯನ್ನು ಮೆಲ್ಲಗೆ ಎತ್ತಿ, ಯಾವುದು ಮೊದಲು ಉರುಳಿತು ಎಂದು ನೋಡಿ. ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು.