ತಲೆ ಎಣಿಸುವವರು ಯಾರು?

ಕಾಳಿ ನದಿಗೆ ಸೇತುವೆಯಿಲ್ಲದ ಕಾಲದಲ್ಲಿ ಕಾರವಾರದಿಂದ ಗೋವಾ ಕಡೆ ಹೊರಟವರು ಕೋಡಿಬಾಗದಲ್ಲಿ ಇಳಿದು, ಲಾಂಚಿನಲ್ಲಿ ಹೊಳೆ ದಾಟಿ, ಸದಾಶಿವಗಡದಲ್ಲಿ ಮತ್ತೆ ಬಸ್ಸು ಹಿಡಿಯಬೇಕಿತ್ತು. ಮೀನಿನ ಬುಟ್ಟಿ, ಸೈಕಲ್ಲು, ಶಾಲೆ ಮಕ್ಕಳು, ಮದುವೆ ದಿಬ್ಬಣ ಎಲ್ಲ ಒಂದರಲ್ಲೇ. ದೋಣಿಯ ಅಂಚಿಗೂ ನೀರಿಗೂ ಗೇಣು ಅಂತರ ಉಳಿದಿದ್ದರೂ "ಬನ್ನಿ, ಇನ್ನಿಬ್ಬರಿಗೆ ಜಾಗ ಇದೆ" ಎಂಬ ಕೂಗು ನಿಲ್ಲುತ್ತಿರಲಿಲ್ಲ. ಕೂಗುವವನೇ ದುಡ್ಡು ವಸೂಲಿ ಮಾಡುವವನು. ನಾವೂ ಹಿಂದೆ ಸರಿದವರಲ್ಲ; ಮುಂದಿನ ಲಾಂಚಿಗೆ ಕಾದರೆ ಆಚೆ ದಡದ ಬಸ್ಸು ತಪ್ಪುತ್ತಿತ್ತು. ನಡುಹೊಳೆಯಲ್ಲಿ ಯಾರಾದರೂ ಎದ್ದು ನಿಂತರೆ ಮೀನು ಮಾರುವ ಹೆಂಗಸರು ಗದರಿ ಕೂರಿಸುತ್ತಿದ್ದರು. ಸುರಕ್ಷತೆ ಅಂತ ಇದ್ದದ್ದು ಅಷ್ಟೇ.

1980ರ ದಶಕದಲ್ಲಿ ಸೇತುವೆ ಬಂತು. ನೀರು ದಾಟುವ ರೂಢಿ ತಪ್ಪಿತು. ಆಮೇಲೆ ನಮ್ಮಂಥವರು ದೋಣಿ ಹತ್ತುತ್ತಿದ್ದುದು ಹೆಚ್ಚಾಗಿ ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆಗೆ.

2019ರ ಜನವರಿ 21ರಂದು ಆ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಹಾವೇರಿ ಕಡೆಯ ಒಂದೇ ಕುಟುಂಬದ ಹಲವರು ಅದರಲ್ಲಿದ್ದರು. ಮಿತಿ ಮೀರಿ ಜನ ಹತ್ತಿದ್ದರು. ಲೈಫ್ ಜಾಕೆಟ್ ಹಾಕಿಸಿರಲಿಲ್ಲ. ಕಾಳಿ ಸಮುದ್ರ ಸೇರುವ ಆ ಭಾಗದಲ್ಲಿ ಹೊಳೆಯ ಸೆಳೆತವೂ ಇದೆ, ಸಮುದ್ರದ ಅಲೆಯೂ ಇದೆ. ಭಾರಕ್ಕೆ ತಗ್ಗಿದ ದೋಣಿಗೆ ಅಲೆ ಅಡ್ಡ ಬಡಿದು, ಜನ ಒಂದೇ ಮಗ್ಗುಲಿಗೆ ಸರಿದರೆ ಅದು ಮತ್ತೆ ನೆಟ್ಟಗಾಗುವುದು ಕಷ್ಟ.

"ಬಯಲುಸೀಮೆಯವರಿಗೆ ನೀರು ಗೊತ್ತಿಲ್ಲ" ಎಂದು ಆಗ ಊರಲ್ಲಿ ಕೆಲವರು ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ನೀರು ಗೊತ್ತಿದ್ದ ನಾವೂ ಹೆಚ್ಚಿನ ಭಾರದ ಲಾಂಚು ಹತ್ತಿದವರೇ. ದಡ ಸೇರಿದ್ದು ಹೊಳೆ ಶಾಂತವಾಗಿದ್ದುದರಿಂದ, ನಮ್ಮ ಜಾಣತನದಿಂದಲ್ಲ.

ಈಗ ಜಾತ್ರೆಗೆ ಹೋಗುವವರಿಗೆ ಜಾಕೆಟ್ ಕಡ್ಡಾಯ. ಅಷ್ಟು ಒಳ್ಳೆಯದೇ. ಆದರೆ ಜಾಕೆಟ್ ಮುಳುಗಿದ ಮೇಲಿನ ಉಪಾಯ. ಮುಳುಗದಂತೆ ತಡೆಯುವುದು ದಡದ ಮೇಲಿನ ಎಣಿಕೆ. ಒಂದೊಂದು ತಲೆಗೂ ದುಡ್ಡು ಎಣಿಸಿಕೊಳ್ಳುವವನು "ಸಾಕು" ಅನ್ನುವುದಿಲ್ಲ, ಮನೆ ಸೇರುವ ಅವಸರದಲ್ಲಿರುವ ಪ್ರಯಾಣಿಕನೂ ಅನ್ನುವುದಿಲ್ಲ. ಆ ಮಾತು ಹೇಳಲು ಸಂಬಳ ಪಡೆಯುವ ಮೂರನೆಯವನೊಬ್ಬ ಜೆಟ್ಟಿಯಲ್ಲಿ ನಿಂತಿರಬೇಕು, ಜಾತ್ರೆಯಿಲ್ಲದ ದಿನವೂ.