ಹಳೆಯ ಅಂಬಾಸಿಡರ್‌ಗೆ ಯಾವ ಪಂಪು, ಯಾವ ಪೈಪು?



ನಮ್ಮ ಹಿಂದೂಪುರದಲ್ಲಿ ಭಾನುವಾರದ ಬಲಿಪೂಜೆಗೆ ಬರುವವರಿಗೆಲ್ಲ ಚಿಕ್ಕಪ್ಪನ ಬಿಳಿ ಅಂಬಾಸಿಡರ್ ಗೊತ್ತು. ಹೆಚ್ಚು ದೂರ ನಡೆಯಲಾಗದ ನಾಲ್ಕೈದು ಅಜ್ಜ ಅಜ್ಜಿಯರು ಚರ್ಚಿಗೆ ಬರುವುದು ಅದರಲ್ಲೇ. ಹಿಂದೂಸ್ತಾನ್ ಮೋಟರ್ಸ್‌ನವರು ಉತ್ತರಪಾರದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಲ್ಲಿಸಿದ್ದು 2014ರಲ್ಲಿ. ಚಿಕ್ಕಪ್ಪನ ಗಾಡಿ ಅದಕ್ಕಿಂತ ಬಹಳ ಹಳೆಯದು. 1489 ಸಿಸಿ ಪೆಟ್ರೋಲ್ ಎಂಜಿನ್, ಕಾರ್ಬುರೇಟರ್, ಎಂಜಿನ್ನಿನ ತಿರುಗುವಿಕೆಯಿಂದಲೇ ನಡೆಯುವ ಮೆಕ್ಯಾನಿಕಲ್ ಪಂಪು.

ಕಳೆದ ಏಪ್ರಿಲ್‌ನಲ್ಲಿ ಕಲ್ಯಾಣದುರ್ಗದ ನೆಂಟರ ಮನೆಗೆ ಹೊರಟಿದ್ದೆವು. ಕರ್ನಾಟಕದ ಪಾವಗಡ ಹಾದು ಮತ್ತೆ ಆಂಧ್ರ ಸೇರುವ ದಾರಿ. ಪಾವಗಡ ದಾಟಿದ ಮೇಲೆ ಬಿಸಿಲಲ್ಲಿ ಎಂಜಿನ್ ಎರಡು ಸಲ ಮುಕ್ಕರಿಸಿ ನಿಂತುಹೋಯಿತು. ಅರ್ಧ ಗಂಟೆ ಆರಿದ ಮೇಲೆ ಹೊರಟಿತು, ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಹಿಂದಿನ ಸೀಟಿನಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿ ಇದ್ದರು. ಸುತ್ತ ಒಂದು ಮರದ ನೆರಳೂ ಇರಲಿಲ್ಲ.

ಊರಿಗೆ ಬಂದ ಮೇಲೆ ಮೆಕ್ಯಾನಿಕ್ ನೋಡಿ, "ಪಂಪು ಹೋಗಿದೆ ಅಣ್ಣಾ. ಹೊಸ ಕಾರಿನ ಕರೆಂಟ್ ಪಂಪು ಗುಜರಿಯಲ್ಲಿ ಸಿಗುತ್ತೆ, ಅದನ್ನೇ ಹಾಕೋಣ. ಭಾರಿ ಫೋರ್ಸು" ಎಂದ. ಚಿಕ್ಕಪ್ಪ ನನ್ನ ಕಡೆ ತಿರುಗಿ, "ನೀನು ಬಿಎಸ್‌ಸಿ ಓದಿದ್ದೀಯಲ್ಲಪ್ಪ, ಲೆಕ್ಕ ಹಾಕಿ ಹೇಳು" ಎಂದರು.

ಲೆಕ್ಕ ಕಷ್ಟದ್ದೇನಲ್ಲ. ಗಾಡಿ ಲೀಟರಿಗೆ 10 ಕಿಲೋಮೀಟರ್ ಕೊಡುತ್ತದೆ ಎಂದುಕೊಳ್ಳಿ. ಗಂಟೆಗೆ 60 ಕಿಲೋಮೀಟರ್ ಓಡಿದರೆ ಗಂಟೆಗೆ 6 ಲೀಟರ್, ಅಂದರೆ ನಿಮಿಷಕ್ಕೆ 100 ಮಿಲಿ. ಒಂದು ಸಣ್ಣ ಲೋಟದಷ್ಟು! ಏರು ಹತ್ತುವಾಗ ಮೂರು ಪಟ್ಟು ಬೇಕಾದರೂ 300 ಮಿಲಿ ಸಾಕು. ಈ ಎಂಜಿನ್ನಿಗೆ ಭಾರಿ ಫೋರ್ಸಿನ ಅಗತ್ಯವೇ ಇಲ್ಲ.

ಅಗತ್ಯವಿಲ್ಲ ಎಂಬುದಷ್ಟೇ ಅಲ್ಲ, ಅಪಾಯ ಕೂಡ. ಕಾರ್ಬುರೇಟರಿನೊಳಗೆ ಪುಟ್ಟ ಬಟ್ಟಲಿನಂಥ ಜಾಗವಿದೆ. ಪೆಟ್ರೋಲ್ ತುಂಬಿದಂತೆ ಫ್ಲೋಟ್ ಮೇಲೇರಿ ಸೂಜಿಯಂಥ ವಾಲ್ವನ್ನು ಮುಚ್ಚುತ್ತದೆ. ನಮ್ಮ ಮನೆಯ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಇದ್ದಂತೆ. ಹಳೆಯ ಮೆಕ್ಯಾನಿಕಲ್ ಪಂಪಿನ ಒತ್ತಡ ಸುಮಾರು 0.2ರಿಂದ 0.3 ಬಾರ್; ಆ ಸೂಜಿ ತಡೆಯುವುದು ಅಷ್ಟನ್ನೇ. ಇಂಜೆಕ್ಷನ್ ಕಾರಿನ ಪಂಪು ಸಾಮಾನ್ಯವಾಗಿ 3 ಬಾರ್ ಆಸುಪಾಸು, ಅಂದರೆ ಹತ್ತು ಪಟ್ಟು. ಸೂಜಿ ಸೋಲುತ್ತದೆ, ಪೆಟ್ರೋಲ್ ಹೊರಗೆ ಉಕ್ಕುತ್ತದೆ. ಈ ಎಂಜಿನ್ನಿನಲ್ಲಿ ಕಾರ್ಬುರೇಟರಿನ ಕೆಳಗೇ ಕೆಂಡದಂತೆ ಕಾದ ಎಕ್ಸಾಸ್ಟ್ ಇದೆ. ಬೇಗ ಇಳಿಯಲಾಗದ ಅಜ್ಜಿಯರು ಕೂರುವ ಗಾಡಿ ಇದು.

ಹಾಗಾದರೆ ಗಾಡಿ ನಿಂತದ್ದೇಕೆ? ಎಂಜಿನ್ ತಣ್ಣಗಿದ್ದಾಗ, ಕಾಯಿಲ್ ವೈರ್ ಕಳಚಿ, ಬಯಲಿನಲ್ಲಿ ಪರೀಕ್ಷೆ ಮಾಡಿದೆವು. ಕಾರ್ಬುರೇಟರಿಗೆ ಹೋಗುವ ಪೈಪನ್ನು ಬಾಟಲಿಗೆ ಬಿಟ್ಟು 15 ಸೆಕೆಂಡು ಸ್ಟಾರ್ಟರ್ ತಿರುಗಿಸಿದಾಗ ಬಂದದ್ದು ಬರೀ 20 ಮಿಲಿ, ಅದೂ ಗುಳ್ಳೆಗಳ ಜೊತೆ. ನಂತರ ಪಂಪಿನ ಪಕ್ಕದಲ್ಲೇ ಪೆಟ್ರೋಲ್ ಕ್ಯಾನ್ ಇಟ್ಟು ಅದರಿಂದ ಎಳೆಸಿದೆವು. ಅಷ್ಟೇ ಹೊತ್ತಿಗೆ ಸುಮಾರು 100 ಮಿಲಿ ಬಂತು. ಪಂಪು ಸರಿಯಾಗಿಯೇ ಇತ್ತು. ತೊಂದರೆ ಇದ್ದದ್ದು ಹಿಂದಿನ ಟ್ಯಾಂಕಿನಿಂದ ಮುಂದಿನ ಪಂಪಿನವರೆಗಿನ ದಾರಿಯಲ್ಲಿ.

ಗಾಡಿಯ ಕೆಳಗೆ ಮಲಗಿ ನೋಡಿದಾಗ ಕಂಡಿತು. ಎಂದೋ ಯಾರೋ 8 ಮಿಲಿಮೀಟರಿನ ಪೈಪ್ ತೆಗೆದು, 6 ಮಿಲಿಮೀಟರಿನ ಉದ್ದನೆಯ ರಬ್ಬರ್ ಪೈಪ್ ಸೇರಿಸಿದ್ದರು. ಎರಡು ಮಿಲಿಮೀಟರಿನಲ್ಲಿ ಏನು ಮಹಾ ಎನ್ನಬೇಡಿ. ಒಳಗಿನ ಅಗಲ 8ರಿಂದ 6ಕ್ಕೆ ಇಳಿದರೆ ಹರಿವಿಗೆ ಅಡ್ಡಿ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ಪಿಯುಸಿಯಲ್ಲಿ ಓದಿದ ಪಾಯ್ಸೇಲನ ಸೂತ್ರ ಹೇಳುವುದು ಇದನ್ನೇ. ಸಣ್ಣ ದಾರಿಯಲ್ಲಿ ಪಂಪು ಜೋರಾಗಿ ಎಳೆದಾಗ ಪೈಪಿನೊಳಗೆ ಒತ್ತಡ ಕುಸಿಯುತ್ತದೆ. ಒತ್ತಡ ಕಡಿಮೆಯಾದರೆ ಪೆಟ್ರೋಲ್ ಕಡಿಮೆ ಬಿಸಿಗೇ ಕುದಿಯುತ್ತದೆ. ಮೇಲಾಗಿ ಆ ಪೈಪು ಸೈಲೆನ್ಸರ್ ಪೈಪಿಗೆ ತಾಗಿಕೊಂಡೇ ಹೋಗಿತ್ತು. ಪೆಟ್ರೋಲ್ ಆವಿಯಾಗಿ ದಾರಿ ಕಟ್ಟಿತ್ತು. ತಣ್ಣಗಾದ ಮೇಲೆ ಗಾಡಿ ಮತ್ತೆ ಹೊರಡುತ್ತಿದ್ದದ್ದು ಅದಕ್ಕೇ.

8 ಮಿಲಿಮೀಟರಿನ ಲೋಹದ ಪೈಪನ್ನು ಸೈಲೆನ್ಸರಿನಿಂದ ದೂರ ಹಾಯಿಸಿದೆವು. ಪಂಪಿನ ಡಯಾಫ್ರಾಮ್ ಹಳೆಯದಾಗಿದ್ದರಿಂದ ಅದನ್ನೂ ಬದಲಿಸಿದೆವು. ಮೆಕ್ಯಾನಿಕ್ ಅಣ್ಣನೇ ಮುಂದೆ ನಿಂತು ಅಚ್ಚುಕಟ್ಟಾಗಿ ಮಾಡಿಕೊಟ್ಟ. ಮೇ ತಿಂಗಳ ಬಿಸಿಲಲ್ಲೂ ಗಾಡಿ ನಿಂತಿಲ್ಲ.

ನಿಮ್ಮ ಮನೆಯಲ್ಲೂ ಹಳೆಯ ಅಂಬಾಸಿಡರ್ ಅಥವಾ ಪದ್ಮಿನಿ ಇದ್ದರೆ ಇಷ್ಟು ನೋಡಿಕೊಳ್ಳಿ:

- ಕರೆಂಟ್ ಪಂಪು ಹಾಕಲೇಬೇಕಾದರೆ ಕಾರ್ಬುರೇಟರಿಗೆಂದೇ ಇರುವ ಕಡಿಮೆ ಒತ್ತಡದ್ದನ್ನು ಟ್ಯಾಂಕಿನ ಹತ್ತಿರ ಹಾಕಿಸಿ. ಎಂಜಿನ್ ನಿಂತರೆ ಪಂಪೂ ನಿಲ್ಲುವಂಥ ಸ್ವಿಚ್ ಇರಲಿ. ಇಲ್ಲದಿದ್ದರೆ ಅಪಘಾತವಾದ ಮೇಲೂ ಅದು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.
- ಈಗ ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ 20% ವರೆಗೆ ಎಥೆನಾಲ್ ಇರುತ್ತದೆ. ಹಳೆಯ ರಬ್ಬರ್ ಅದಕ್ಕೆ ಉಬ್ಬುತ್ತದೆ, ಬಿರಿಯುತ್ತದೆ. ಹೊಸ ರಬ್ಬರ್ ಪೈಪಿನ ಮೇಲೆ "ಎಸ್‌ಎಇ ಜೆ30 ಆರ್9" ಎಂಬ ಗುರುತು ಇದೆಯೇ ನೋಡಿ. ನೀರಿನ ಪೈಪು, ಗ್ಯಾಸಿನ ಪೈಪು ಬೇಡವೇ ಬೇಡ.
- ಎಂಜಿನ್ ಆಯಿಲ್ ಕಡ್ಡಿಯನ್ನು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಡಯಾಫ್ರಾಮ್ ಹರಿದಿರಬಹುದು.
- ಗಾಡಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ, ಡ್ರೈವರಿನ ಕೈಗೆ ಸಿಗುವಂತಿರಲಿ.

ಮುಂದಿನ ಭಾನುವಾರ ಪೂಜೆಯ ನಂತರ ಚರ್ಚಿನ ಅಂಗಳಕ್ಕೆ ನಿಮ್ಮ ಹಳೆಯ ಗಾಡಿ ತನ್ನಿ. ಬ್ಯಾಟರಿ ಟಾರ್ಚು ನಾನು ತರುತ್ತೇನೆ. ಪೈಪು ಎಲ್ಲೆಲ್ಲಿ ಹಾದುಹೋಗಿದೆ ಎಂದು ಒಟ್ಟಿಗೆ ನೋಡೋಣ.