ಟಿಟ್ಟಿಭದ ದೂರು

ಪಂಚತಂತ್ರದ ಮಿತ್ರಭೇದದಲ್ಲಿ ಟಿಟ್ಟಿಭ ದಂಪತಿಗಳ ಕಥೆಯೊಂದುಂಟು. ಕಡಲ ದಡದಲ್ಲಿ ಮೊಟ್ಟೆಯಿಡಲು ಹೆಣ್ಣುಹಕ್ಕಿ ಅಂಜುತ್ತದೆ. ಗಂಡು ಅದನ್ನು ಲಕ್ಷಿಸದೆ ಧೈರ್ಯ ಹೇಳುತ್ತದೆ. ಸಮುದ್ರವು ಮೊಟ್ಟೆಗಳನ್ನು ಅಪಹರಿಸುತ್ತದೆ. ಹಕ್ಕಿಗಳ ದೂರು ಗರುಡನ ಮೂಲಕ ವಿಷ್ಣುವಿನವರೆಗೆ ಹೋಗಿ, ಕೊನೆಗೆ ಸಮುದ್ರನು ಹೆದರಿ ಮೊಟ್ಟೆಗಳನ್ನು ಒಪ್ಪಿಸುತ್ತಾನೆ. ಇದನ್ನು ನೀತಿಗಾಗಿ ಪಾಠ ಹೇಳುವುದು ವಾಡಿಕೆ. ಆದರೆ ಕಥೆಗಾರನು ಆ ಹಕ್ಕಿಯನ್ನು ಕಣ್ಣಾರೆ ಕಂಡವನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಗೂಡು ಕಟ್ಟದೆ ಬರಿನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗೆ, ನೀರು ಯಾವಾಗ ಏರುವುದೆಂಬ ಲೆಕ್ಕವೇ ಪ್ರಾಣ.

ನನ್ನ ಊರು ಮೆಲ್ಕಾರ್. ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ದಾಟಿದರೆ, ಮುಡಿಪಿಗೆ ಹೋಗುವ ದಾರಿ ಹೆದ್ದಾರಿಯಿಂದ ಕವಲೊಡೆಯುವ ಸ್ಥಳ. ವ್ಯಾಕರಣ ಹೇಳುವವನು ಹಕ್ಕಿಯ ಮೊಟ್ಟೆಯ ವಿಚಾರಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಅಮರಸಿಂಹನು ತನ್ನ ಕೋಶದಲ್ಲಿ ಟಿಟ್ಟಿಭಕ್ಕೂ ಸ್ಥಾನ ಕೊಟ್ಟಿರುವಾಗ ನನಗೇಕೆ ಸಂಕೋಚ?

ನಮ್ಮ ತುಳುವ ಸೀಮೆಯಲ್ಲಿ ಕಾಲಗಣನೆಗೆ ಪತ್ತನಾಜೆ ಎಂಬ ಗಡಿಯೊಂದುಂಟು. ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ 24 ಅಥವಾ 25ರ ಸುಮಾರಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಜಾತ್ರೆ ಕೋಲಗಳು ನಿಲ್ಲುತ್ತವೆ. ಅಲ್ಲಿಂದ ಮಳೆಗೆ ಸಿದ್ಧರಾಗಲು ಕೆಲವು ದಿನಗಳ ಬಿಡುವು ಇರುತ್ತಿತ್ತು. ಮುಂಗಾರು ಕೇರಳವನ್ನು ಮುಟ್ಟುವ ವಾಡಿಕೆಯ ದಿನ ಜೂನ್ 1. 2025ರಲ್ಲಿ ಅದು ಮೇ 24ರಂದೇ ಬಂದಿತು. 2009ರ ಅನಂತರ ಅಷ್ಟು ಬೇಗ ಬಂದುದಿಲ್ಲ. ಅದಕ್ಕೂ ಮುಂಚಿನಿಂದಲೇ ಕರಾವಳಿಯಲ್ಲಿ ಬಿರುಮಳೆ. ಆ ವರ್ಷ ಏಪ್ರಿಲ್ ಕೊನೆಗೆ ಹೊಳೆಯ ಮರಳದಿನ್ನೆಯ ಮೇಲೆ ಟಿಟ್ಟಿಭದ ನಾಲ್ಕು ಮೊಟ್ಟೆಗಳನ್ನು ನಾನು ಕಂಡಿದ್ದೆನು. ಉರಿಬಿಸಿಲಿನಲ್ಲಿ ತಾಯಿಹಕ್ಕಿ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಮಾಡುತ್ತಿತ್ತು. ಮರಿಯಾಗಲು ಸುಮಾರು ನಾಲ್ಕು ವಾರ ಬೇಕು. ನಾಲ್ಕು ವಾರ ತುಂಬುವ ಮೊದಲೇ ಕೆಂಪುನೀರು ಬಂದು ದಿನ್ನೆ ಮುಳುಗಿತು. ಎರಡು ದಿನ ಆ ಜೋಡಿ ನೀರಿನ ಮೇಲೆ ಸುತ್ತುತ್ತ ಕೂಗಿತು. ಯಾವ ಗರುಡನೂ ಬರಲಿಲ್ಲ.

ಆದರೂ ಟಿಟ್ಟಿಭವು ಊರಿನ ಹಕ್ಕಿ. ಮಾರ್ಚಿಯಿಂದ ಆಗಸ್ಟಿನವರೆಗೆ ಅದರ ಸಂತಾನಕಾಲ ಚಾಚಿಕೊಂಡಿದೆ. ಒಂದು ಸಂಸಾರ ಕೆಟ್ಟರೆ ಗುಡ್ಡದ ಮುರಕಲ್ಲ ಪಾದೆಯ ಮೇಲೆ ಇನ್ನೊಂದನ್ನು ಹೂಡಬಲ್ಲುದು. ನನಗೆ ಹೆಚ್ಚು ಮರುಕ ಹುಟ್ಟಿಸುವುದು ಅತಿಥಿಗಳ ಪಾಡು. ಬಾಲವನ್ನು ಎಡೆಬಿಡದೆ ಕುಣಿಸುತ್ತ ಹೊಳೆಯಂಚಿನಲ್ಲಿ ಓಡಾಡುವ ಗದ್ದೆಗೊರವವು ಹಿಮಾಲಯದ ಹೊಳೆಗಳಿಂದಲೋ ಅದರಾಚೆಯಿಂದಲೋ ಬರುವಂಥದು. ಪಶ್ಚಿಮ ಕರಾವಳಿಯ ಅಳಿವೆಗಳಲ್ಲಿ ಚಳಿಗಾಲ ಕಳೆಯುವ ಕರ್ಲ್ಯೂ ಸ್ಯಾಂಡ್‌ಪೈಪರ್ ಎಂಬ ಬಾಗುಕೊಕ್ಕಿನ ಹಕ್ಕಿಯ ತವರು ಸೈಬೀರಿಯದ ತೈಮೀರ್ ಸೀಮೆ. ಅಲ್ಲಿ ಬೇಸಗೆಯೆಂಬುದು ಕೆಲವೇ ವಾರಗಳ ಮಾತು. ಹಿಮ ಕರಗಿದೊಡನೆ ಕೀಟಗಳು ಏಳಬೇಕು, ಕೀಟಗಳು ತುಂಬಿರುವಾಗಲೇ ಮರಿಗಳು ಒಡೆಯಬೇಕು. ಆ ಮರಿಗಳಿಗೆ ತಾಯಿ ಗುಟುಕು ಕೊಡುವುದಿಲ್ಲ. ಮೊದಲ ದಿನದಿಂದಲೇ ತಾವೇ ಹೆಕ್ಕಿ ತಿನ್ನತಕ್ಕದ್ದು. ನಮ್ಮ ವ್ಯಾಕರಣದಲ್ಲಿ ಸತಿಸಪ್ತಮಿ ಎಂಬುದುಂಟಲ್ಲ, ಒಂದು ಕ್ರಿಯೆ ನಡೆಯಲಾಗಿ ಮತ್ತೊಂದು ನಡೆಯುವುದೆಂಬ ಪ್ರಯೋಗ, ಅವುಗಳ ಬಾಳೆಲ್ಲ ಅದೇ.

ಈಗ ಆ ಪ್ರಯೋಗವೇ ಕೆಡುತ್ತಲಿದೆ. ದೂರದ ಕಡಲತೀರದಲ್ಲಿರುವ ಹಕ್ಕಿಗೆ ತವರಿನ ಹಿಮ ಕರಗಿತೆಂದು ಹೇಳುವವರಾರು? ಹಗಲಿನ ಉದ್ದವನ್ನೂ ಮೈಯೊಳಗಿನ ವಾರ್ಷಿಕ ಗಡಿಯಾರವನ್ನೂ ನಂಬಿ ಅದು ಹೊರಡುತ್ತದೆ. ಹಗಲಿನ ಲೆಕ್ಕ ಬದಲಾಗುವುದಿಲ್ಲ, ಹಿಮದ ಲೆಕ್ಕ ಬದಲಾಗಿದೆ. ರೆಡ್ ನಾಟ್ ಎಂಬ ಹಕ್ಕಿಯನ್ನು ಕುರಿತು ಡಚ್ ವಿಜ್ಞಾನಿ ಯಾನ್ ವಾನ್ ಗಿಲ್ಸ್ ಮತ್ತು ಸಂಗಡಿಗರು 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಗತಿಯನ್ನು ಓದಿ ನಾನು ಬಹುಹೊತ್ತು ಸುಮ್ಮನೆ ಕುಳಿತೆನು. 33 ವರ್ಷಗಳಲ್ಲಿ ತೈಮೀರಿನ ಹಿಮ ವರ್ಷಕ್ಕೆ ಅರ್ಧ ದಿನದಂತೆ ಮುಂಚೆ ಕರಗತೊಡಗಿದೆ. ಮುಂಚೆ ಕರಗಿದ ವರ್ಷಗಳ ಮರಿಗಳು ಗಾತ್ರದಲ್ಲಿ ಚಿಕ್ಕವು, ಕೊಕ್ಕಿನಲ್ಲಿ ಗಿಡ್ಡವು. ಕೀಟಗಳ ಸುಗ್ಗಿ ಕಳೆದ ಮೇಲೆ ಒಡೆದ ಮರಿಗಳಿಗೆ ಹೊಟ್ಟೆ ತುಂಬದಿರುವುದೇ ಇದಕ್ಕೆ ಕಾರಣವಿರಬೇಕೆಂಬುದು ಅವರ ಊಹೆ. ಆ ಮರಿಗಳು ಚಳಿಗಾಲಕ್ಕೆ ಆಫ್ರಿಕದ ಮಾರಿಟೇನಿಯಕ್ಕೆ ಹೋಗುತ್ತವೆ. ಅಲ್ಲಿಯ ಕೆಸರಿನ ಆಳದಲ್ಲಿರುವ ಚಿಪ್ಪುಗಳಿಗೆ ಗಿಡ್ಡ ಕೊಕ್ಕು ಮುಟ್ಟುವುದಿಲ್ಲ. ಕಡಲಹುಲ್ಲಿನ ಬೇರನ್ನು ತಿಂದು ಬಾಳಲು ಹೆಣಗುತ್ತವೆ, ಬದುಕಿ ಉಳಿಯುವವು ಕಡಮೆ. ಉತ್ತರಧ್ರುವದ ಹತ್ತಿರ ಮಾಡಿದ ತಪ್ಪಿಗೆ ಉಷ್ಣವಲಯದಲ್ಲಿ ದಂಡ! ತಪ್ಪು ಮಾಡಿದುದಾದರೂ ಹಕ್ಕಿಯಲ್ಲ.

ಈ ಲೆಕ್ಕವನ್ನು ನಮ್ಮ ದಡದಲ್ಲಿ ನಿಂತೂ ಸ್ವಲ್ಪ ಓದಬಹುದು. ಇಂಥ ಹಕ್ಕಿಗಳಲ್ಲಿ ಅನೇಕ ಜಾತಿಗಳು ಮರಿಗಳನ್ನು ಸಂಗಡ ಕರೆತರುವುದಿಲ್ಲ. ಹಿರಿಯವು ಮೊದಲು ಬರುತ್ತವೆ. ಆ ವರ್ಷ ಹುಟ್ಟಿದವು ದಾರಿಯನ್ನು ಎಂದೂ ಕಾಣದಿದ್ದರೂ ಕೆಲವು ವಾರಗಳ ಅನಂತರ ತಾವಾಗಿಯೇ ಬರುತ್ತವೆ. ಅವುಗಳ ಬೆನ್ನಿನ ಗರಿಗಳಿಗೆ ನವುರಾದ ತಿಳಿಬಣ್ಣದ ಅಂಚಿರುವುದರಿಂದ ಗುರುತಿಸುವುದು ಕಷ್ಟವಲ್ಲ. ನವರಾತ್ರಿಯ ರಜೆಯಲ್ಲಿ ಮಂಗಳೂರಿನ ಅಳಿವೆಗೆ ಹೋದಾಗ ನನ್ನ ಕಣ್ಣು ಹುಡುಕುವುದು ಆ ಅಂಚನ್ನೇ. ಗುಂಪಿನಲ್ಲಿ ಹತ್ತಾರು ಇದ್ದರೆ, ಉತ್ತರದಲ್ಲಿ ಆ ವರ್ಷ ಹಿಮವೂ ಕೀಟವೂ ಹೊಂದಿಕೊಂಡವೆಂದು ತಿಳಿಯುತ್ತೇನೆ. ಕೆಲವು ವರ್ಷ ಸಂಜೆಯವರೆಗೆ ನೋಡಿದರೂ ಒಂದೆರಡೇ.